ಮೋಟಾರು ಸೈಕಲ್ಲಿನ ಮೇಲೆ ಮಕ್ಕಳನ್ನು ಕರೆದೊಯ್ಯುವ ಕ್ರಮ

ಶಿವಮೊಗ್ಗೆಯಿಂದ ತೀರ್ಥಹಳ್ಳಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 14 ಕಿಲೋಮೀಟರು ಸಾಗಿದರೆ, ತುಂಗಾನದಿಯ ದಡದಲ್ಲಿ ಸಕ್ರೆಬೈಲೆಂಬ ಸ್ಥಳವು ಸಿಕ್ಕುತ್ತದೆ. ಅಲ್ಲಿ ಅರಣ್ಯ ಇಲಾಖೆಯವರ ಆನೆಗಳ ಬಿಡಾರವಿರುವದು ವಾಚಕರಿಗೆ ತಿಳಿದ ವಿಷಯವೇ ಸರಿ. ಬೆಳಗಿನ ಹೊತ್ತು ಮಾವುತರೂ ಕಾವಾಡಿಗಳೂ ಆನೆಗಳನ್ನು ಹೊಳೆಗಿಳಿಸಿ ಮೈ ತಿಕ್ಕುವದನ್ನು ಮಕ್ಕಳಿಗೆ ತೋರಿಸಬೇಕೆಂದು, ರಜಾದಿನಗಳಲ್ಲಿ ಶಿವಮೊಗ್ಗೆ ಭದ್ರಾವತಿಗಳಿಂದ ಅನೇಕ ಕುಟುಂಬಗಳು ಬರುತ್ತವೆ. ಅವರಲ್ಲಿ ಹಲವರಿಗೆ ಇರುವ ವಾಹನವು ಒಂದೇ ಒಂದು ಮೋಟಾರು ಸೈಕಲ್ಲು ಇಲ್ಲವೆ ಸ್ಕೂಟರು. ತಂದೆಯ ಮುಂದೆ ಪೆಟ್ರೋಲು ಟ್ಯಾಂಕಿನ ಮೇಲೊಂದು ಮಗು, ಹಿಂದೆ ಓರೆಯಾಗಿ ಕುಳಿತ ತಾಯಿ, ಅವರಿಬ್ಬರ ನಡುವೆ ಇನ್ನೊಂದು ಮಗು. ಈ ನೋಟವು ನಮಗೆ ರೂಢಿಯಾಗಿ ಹೋಗಿರುವದರಿಂದ, ಇದರಲ್ಲಿ ವಿಚಾರಮಾಡತಕ್ಕ ಸಂಗತಿಯೇನಾದರೂ ಉಂಟೆಂದು ನಮಗೆ ತೋರುವದೇ ಇಲ್ಲ. ಆದಕಾರಣ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಅವಗಾಹನೆಗಾಗಿ ಕೆಲವು ಮಾತುಗಳನ್ನು ಇಲ್ಲಿ ಬರೆಯುತ್ತೇವೆ.

ಮೊದಲು ಅಪಾಯದ ಸ್ವರೂಪವನ್ನು ತಿಳಿಯಬೇಕು. ತಾಸಿಗೆ 40 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ ಸುಮಾರು 11 ಮೀಟರು. ಆ ವೇಗದಲ್ಲಿ ಗಟ್ಟಿಯಾದ ವಸ್ತುವಿಗೆ ನೇರವಾಗಿ ಬಡಿದರೆ ಆಗುವ ಪೆಟ್ಟು, ಸುಮಾರು 20 ಅಡಿ ಎತ್ತರದಿಂದ ಬಿದ್ದಾಗ ಆಗುವ ಪೆಟ್ಟಿಗೆ ಸಮಾನವಾದದ್ದು. ವೇಗವು 60ಕ್ಕೆ ಏರಿದರೆ ಆ ಎತ್ತರವು 45 ಅಡಿಗಿಂತ ಹೆಚ್ಚಾಗುವದು. ವೇಗವು ಒಂದೂವರೆ ಪಾಲಾದರೆ ಪೆಟ್ಟಿನ ಬಲವು ಎರಡು ಪಾಲಿಗಿಂತಲೂ ಮಿಗಿಲಾಗುವದೆಂಬುದನ್ನು ಇದರಿಂದ ತಿಳಿಯಬಹುದು.

ಇನ್ನು ಮಗುವಿನ ಶರೀರವು ದೊಡ್ಡವರ ಶರೀರದ ಕಿರಿದಾದ ಪ್ರತಿಯಲ್ಲ. ಹುಟ್ಟಿದ ಕೂಸಿನ ತಲೆಯು ಅದರ ಉದ್ದದ ಕಾಲುಭಾಗವಿರುವದು. ದೊಡ್ಡವರಲ್ಲಾದರೋ ಏಳು ಎಂಟರಲ್ಲಿ ಒಂದು ಭಾಗ ಮಾತ್ರ. ಹೀಗೆ ತಲೆಯು ದೊಡ್ಡದಾಗಿಯೂ ಕತ್ತು ಎಳೆಯದಾಗಿಯೂ ಇರುವದರಿಂದ, ಬಿದ್ದಾಗ ತಲೆಗೇ ಮೊದಲು ಏಟು ತಗಲುವ ಸಂಭವವು ಹೆಚ್ಚು. ಮುಂದೆ ಕೂರಿಸಿದರೆ ಮಗುವು ಕಣ್ಣೆದುರಿಗೆ ಭದ್ರವಾಗಿರುವದೆಂದು ಅನೇಕರು ನಂಬುತ್ತಾರೆ. ವಾಸ್ತವದಲ್ಲಿ ಅದೇ ಎಲ್ಲಕ್ಕಿಂತ ಕೆಟ್ಟ ಸ್ಥಳ. ಯಾಕಂದರೆ ವಾಹನವು ತಟ್ಟನೆ ನಿಂತಾಗ ಮಗುವು ಹ್ಯಾಂಡಲಿಗೆ ಬಡಿಯುವದಲ್ಲದೆ, ಹಿಂದಿರುವ ತಂದೆಯ ಭಾರವೆಲ್ಲವೂ ಅದರ ಮೇಲೆಯೇ ಬೀಳುವದು. ಪ್ರೀತಿಯಿಂದ ಬಳಸಿದ ತೋಳು ಆ ಕ್ಷಣದಲ್ಲಿ ಮಗುವನ್ನು ಹಿಡಿದು ನಿಲ್ಲಿಸಲಾರದು.

ಸರಕಾರದ ಕಾಯಿದೆಯು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1988ನೆಯ ಇಸವಿಯ ಮೋಟಾರು ವಾಹನ ಕಾಯಿದೆಯ 128ನೆಯ ಕಲಮಿನ ಪ್ರಕಾರ, ಸವಾರನು ತನ್ನ ಹಿಂದೆ ಒಬ್ಬರನ್ನು ಮಾತ್ರ, ಭದ್ರವಾಗಿ ಜೋಡಿಸಿದ ಆಸನದ ಮೇಲೆ ಕೂರಿಸಿಕೊಳ್ಳಬಹುದು. 2019ರಲ್ಲಿ ತಿದ್ದುಪಡಿಯಾದ 129ನೆಯ ಕಲಮಿನಂತೆ, ನಾಲ್ಕು ವರುಷ ಮೀರಿದ ಪ್ರತಿಯೊಬ್ಬರೂ ಹೆಲ್ಮೆಟ್ಟು ಧರಿಸತಕ್ಕದ್ದು. ಒಂಬತ್ತು ತಿಂಗಳಿನಿಂದ ನಾಲ್ಕು ವರುಷದ ವರೆಗಿನ ಮಕ್ಕಳಿಗಾಗಿ ಕೇಂದ್ರ ಸರಕಾರದವರು 2022ರ ಫೆಬ್ರವರಿ 15ರಂದು ಬೇರೆ ನಿಯಮವನ್ನೇ ಪ್ರಕಟಿಸಿ, ಒಂದು ವರುಷದ ತರುವಾಯ ಅದನ್ನು ಜಾರಿಗೆ ತಂದರು. ಅದರಂತೆ ಮಗುವಿಗೆ ತಕ್ಕ ಅಳತೆಯ ಹೆಲ್ಮೆಟ್ಟು ಇರಬೇಕು. ಮಗುವನ್ನು ಸವಾರನಿಗೆ ಬಿಗಿಯುವ ಪಟ್ಟಿಯ ಕವಚವಿರಬೇಕು. ವೇಗವು ತಾಸಿಗೆ 40 ಕಿಲೋಮೀಟರನ್ನು ಮೀರಕೂಡದು. ಈ ಕವಚವು ಅಂಗಿಯಂತೆ ಮಗುವಿನ ಮೈಗೆ ತೊಡಿಸುವಂಥಾದ್ದು. ಅದರ ಪಟ್ಟಿಗಳನ್ನು ಸವಾರನು ತನ್ನ ಹೆಗಲಿಗೆ ಹಾಕಿಕೊಳ್ಳುವನು. ಮಗುವು ತೂಕಡಿಸಿದರೂ ಪಕ್ಕಕ್ಕೆ ಜಾರಿ ಬೀಳದು. ಒಂಬತ್ತು ತಿಂಗಳು ತುಂಬದ ಕೂಸಿನ ಕತ್ತಾದರೋ ಹೆಲ್ಮೆಟ್ಟಿನ ಭಾರವನ್ನು ತಾಳಲಾರದು. ಅದನ್ನು ಈ ವಾಹನಕ್ಕೆ ಏರಿಸದಿರುವದೇ ಲೇಸು.

ಹೆಲ್ಮೆಟ್ಟಿನ ಪ್ರಯೋಜನವು ಬರೀ ನಂಬಿಕೆಯ ಮಾತಲ್ಲ. ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಕಾಕ್ರೇನ್ ಪರಿಶೀಲನೆಯ ಪ್ರಕಾರ, ಅದು ಸಾವಿನ ಅಪಾಯವನ್ನು ನೂರಕ್ಕೆ 42ರಷ್ಟೂ ತಲೆಗೆ ಪೆಟ್ಟಾಗುವ ಅಪಾಯವನ್ನು ನೂರಕ್ಕೆ 69ರಷ್ಟೂ ತಗ್ಗಿಸುತ್ತದೆ. ಆದರೆ ದೊಡ್ಡವರ ಹೆಲ್ಮೆಟ್ಟನ್ನು ಮಗುವಿನ ತಲೆಗೆ ಕವುಚಿದರೆ ಫಲವಿಲ್ಲ. ಗದ್ದದ ಪಟ್ಟಿಯನ್ನು ಬಿಗಿದ ಮೇಲೆ ತಲೆಯಾಡಿಸಿದಾಗ ಅದು ಕದಲದಿರಬೇಕು.

ತಾಯಂದಿರು ಗಮನಿಸತಕ್ಕ ಸಂಗತಿಗಳು ಇನ್ನೆರಡುಂಟು. ಒಂದನೆಯದು ಕಾಲು. ಹಿಂಗಾಲಿಯ ಕಡ್ಡಿಗಳ ನಡುವೆ ಮಗುವಿನ ಹಿಮ್ಮಡಿಯು ಸಿಕ್ಕಿದರೆ ಚರ್ಮವೂ ಮೂಳೆಯೂ ಹಾಳಾಗುವವು. ಆದದರಿಂದ ಎರಡು ಪಾದಗಳೂ ಕಾಲ್ಮೆಟ್ಟಿಗೆ ಮುಟ್ಟುವಷ್ಟು ಮಗುವು ಬೆಳೆಯುವ ತನಕ ಅದನ್ನು ಒಂಟಿಯಾಗಿ ಹಿಂದೆ ಕೂರಿಸಬಾರದು. ಎರಡನೆಯದು ಬಟ್ಟೆ. ಸೀರೆಯ ಸೆರಗೂ ಹುಡುಗಿಯರ ದುಪಟ್ಟವೂ ಚಕ್ರಕ್ಕೆ ಸುತ್ತಿಕೊಂಡರೆ ಕೂತವರನ್ನು ಕೆಳಕ್ಕೆ ಎಳೆದುಬಿಡುತ್ತವೆ. ಇದಕ್ಕಾಗಿಯೇ 1989ರ ಕೇಂದ್ರ ನಿಯಮಗಳಲ್ಲಿ ಹಿಂಗಾಲಿಯ ಅರ್ಧಕ್ಕೆ ಕಡಮೆಯಿಲ್ಲದಷ್ಟು ಭಾಗವನ್ನು ಮರೆಮಾಡುವ ತಡೆಯೂ, ಕೈಹಿಡಿಯೂ, ಕಾಲ್ಮೆಟ್ಟೂ ಇರಬೇಕೆಂದು ವಿಧಿಸಿದ್ದಾರೆ. ಅಂದಕ್ಕೋಸ್ಕರ ಆ ತಡೆಯನ್ನು ಕಳಚಿಹಾಕುವದು ಸಲ್ಲದು.

“ಹಾಗಾದರೆ ಎರಡು ಮಕ್ಕಳಿರುವ ಬಡ ಸಂಸಾರಿಯು ಏನು ಮಾಡಬೇಕು?” ಎಂದು ಕೇಳುವವರುಂಟು. ಈ ಪ್ರಶ್ನೆಯು ನ್ಯಾಯವಾದದ್ದೇ. ಕೇರಳ ರಾಜ್ಯದಲ್ಲಿಯೂ 2023ರಲ್ಲಿ ಚಿಕ್ಕ ಮಕ್ಕಳನ್ನು ಮೂರನೆಯವರಾಗಿ ಕೂರಿಸಲು ವಿನಾಯಿತಿ ಬೇಕೆಂಬ ಬೇಡಿಕೆಯು ಎದ್ದಿತ್ತು, ಕೇಂದ್ರದವರು ಒಪ್ಪಲಿಲ್ಲ. ಬಡತನವು ನಿಜವಾದರೂ, ನೆಲಕ್ಕೆ ಬಿದ್ದ ಪೆಟ್ಟು ಬಡವರೆಂದು ಕಡಮೆಯಾಗದು. ನಮ್ಮ ರಾಜ್ಯದಲ್ಲಿ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಸ್ತ್ರೀಯರಿಗೂ ಹುಡುಗಿಯರಿಗೂ ಟಿಕೆಟ್ಟಿನ ಹಣವಿಲ್ಲ. ತಾಯಿಯು ಒಂದು ಮಗುವಿನೊಡನೆ ಬಸ್ಸಿನಲ್ಲಿ ಹೊರಟು, ತಂದೆಯು ಇನ್ನೊಂದನ್ನು ಹಿಂದೆ ಕೂರಿಸಿಕೊಂಡು ನಿಧಾನವಾಗಿ ಬರಬಹುದು. ಇದರಲ್ಲಿ ತುಸು ತೊಂದರೆಯಿದೆ, ಆದರೆ ಅಸಾಧ್ಯವೇನೂ ಇಲ್ಲ.

ವೇಗದ ಲೆಕ್ಕವನ್ನೂ ಒಮ್ಮೆ ಹಾಕಿ ನೋಡೋಣ. ಶಿವಮೊಗ್ಗೆಯಿಂದ ಸಕ್ರೆಬೈಲಿಗೆ 40ರ ವೇಗದಲ್ಲಿ 21 ನಿಮಿಷ, 60ರ ವೇಗದಲ್ಲಿ 14 ನಿಮಿಷ ಹಿಡಿಯುವದು. ಅವಸರಪಟ್ಟವನಿಗೆ ಮಿಕ್ಕುವದು ಏಳೇ ನಿಮಿಷ. ಆ ಏಳು ನಿಮಿಷಗಳಿಗಾಗಿ ಮಗುವಿನ ತಲೆಯನ್ನು ಪಣವಾಗಿಡುವದು ಯಾವ ಜಾಣತನ?

ಮಕ್ಕಳು ತಾವಾಗಿ ಹೆಲ್ಮೆಟ್ಟನ್ನು ಕೊಂಡು ತರಲಾರರು. ವೇಗವನ್ನು ತಗ್ಗಿಸೆಂದು ತಂದೆಗೆ ಹೇಳಲೂ ಅಂಜುವರು. ಮನೆಯಲ್ಲಿ ಆ ಮಾತನ್ನು ಆಡತಕ್ಕವಳು ತಾಯಿಯೇ. ನಮ್ಮ ಶಾಲೆಯಲ್ಲಿ ಕಲಿತು ಇಂದು ತಾಯಂದಿರಾಗಿರುವವರು ಮುಂದಿನ ಸಲ ವಾಹನ ಏರುವ ಮುಂಚೆ, ಮಗುವಿನ ಗದ್ದದ ಪಟ್ಟಿಯನ್ನು ತಮ್ಮ ಕೈಯಿಂದಲೇ ಬಿಗಿದು ನೋಡುವರಾದರೆ, ಈ ಲೇಖನವನ್ನು ಬರೆದದ್ದು ಸಾರ್ಥಕವಾಗುವದು.