ಫೋನ್ ತೋರಿಸುವ ವರ್ಷ ನಂಬಬಹುದಾ? ಒಂದು ಸ್ಯಾಕ್ಸೊಫೋನ್ ಫಾರ್ವರ್ಡ್‌ನ ಕಥೆ

ಕಳೆದ ತಿಂಗಳು ಮಾಲೂರಿನ ಓದುಗರೊಬ್ಬರು ನಮಗೆ ವಾಟ್ಸಾಪ್‌ನಲ್ಲಿ ಒಂದು ಆಡಿಯೊ ಕಳಿಸಿ, "ಇದು ನಿಜಾನಾ ನೋಡಿ ಹೇಳಿ" ಎಂದು ಕೇಳಿದ್ದರು. ಎರಡು ನಿಮಿಷದ ತುಣುಕು. ಒಬ್ಬ ಗಾಯಕಿಯ ದನಿ, ಮೃದಂಗ, ಘಟ, ಅವುಗಳ ಮೇಲೆ ತೇಲಿಬರುವ ಸ್ಯಾಕ್ಸೊಫೋನ್. ಜೊತೆಗಿದ್ದ ಬರಹ ಹೀಗಿತ್ತು: "ಕದ್ರಿ ಗೋಪಾಲನಾಥ್ ಅವರ ಕೊನೆಯ ಆಲ್ಬಂ, 2017. ಕನ್ನಡಿಗರಾದರೆ ಶೇರ್ ಮಾಡಿ." ಪುರಾವೆಗೆ ಒಂದು ಸ್ಕ್ರೀನ್‌ಶಾಟ್ ಕೂಡ ಇತ್ತು. ಅದರಲ್ಲಿ 2017 ಅಂತ ಸ್ಪಷ್ಟವಾಗಿ ಕಾಣುತ್ತಿತ್ತು. ಕೋಲಾರ, ಮುಳಬಾಗಿಲು ಕಡೆಯ ಇನ್ನೆರಡು ಗ್ರೂಪ್‌ಗಳಲ್ಲೂ ಇದೇ ಮೆಸೇಜ್ ಓಡಾಡುತ್ತಿರುವುದು ಆಮೇಲೆ ಗೊತ್ತಾಯಿತು.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಅದು ಕದ್ರಿಯವರದಲ್ಲ. 2017ರದ್ದೂ ಅಲ್ಲ. ಆದರೆ ಕನ್ನಡಿಗರು ಹೆಮ್ಮೆಪಡಬೇಕಾದ ಸಂಗೀತ ಅನ್ನುವುದು ಮಾತ್ರ ನಿಜ. ಬೇಜಾರಿನ ಸಂಗತಿ ಅಂದರೆ, ಹೆಮ್ಮೆಪಡಬೇಕಾದ ಹೆಸರುಗಳೇ ಆ ಫಾರ್ವರ್ಡ್‌ನಲ್ಲಿ ಇರಲಿಲ್ಲ.

ಆ ತುಣುಕು 'ಜ್ಯೋತಿ' ಎಂಬ ಆಲ್ಬಂನದ್ದು. ಸ್ಯಾಕ್ಸೊಫೋನ್ ನುಡಿಸಿದವರು ಚಾರ್ಲಿ ಮರಿಯಾನೊ. ಅಮೆರಿಕದ ಬೋಸ್ಟನ್‌ನಲ್ಲಿ 1923ರಲ್ಲಿ ಹುಟ್ಟಿದ ಜಾಝ್ ಕಲಾವಿದ, ನಮ್ಮ ಕಡೆ ಮದುವೆ ಮನೆಯಲ್ಲಿ ಕೇಳಿಸುವ ನಾಗಸ್ವರವನ್ನೂ ಕಲಿತು ನುಡಿಸುತ್ತಿದ್ದವರು. ಉಳಿದವರೆಲ್ಲ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನವರು. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ತಾಳವಾದ್ಯ ಶಾಲೆ ಅದು. ಆಲ್ಬಂನಲ್ಲಿ ಹಾಡಿದವರು ಆರ್.ಎ. ರಮಾಮಣಿ. ಮೃದಂಗ ಮಣಿಯವರದ್ದು, ಘಟ ಮತ್ತು ಮೋರ್ಸಿಂಗ್ ಆರ್.ಎ. ರಾಜಗೋಪಾಲ್ ಅವರದ್ದು, ಖಂಜಿರ ಟಿ.ಎನ್. ಶಶಿಕುಮಾರ್ ಅವರದ್ದು. ನಡುನಡುವೆ "ತಕಧಿಮಿ" ಅಂತ ಬಾಯಲ್ಲಿ ತಾಳ ಹೇಳುವುದು ಕೇಳಿಸುತ್ತದಲ್ಲ, ಅದು ಕೊನ್ನಕ್ಕೋಲ್.

ರೆಕಾರ್ಡ್ ಆದದ್ದು 1983ರ ಫೆಬ್ರವರಿ. ಬಿಡುಗಡೆಯಾದದ್ದೂ ಅದೇ ವರ್ಷ, ಜರ್ಮನಿಯ ಮ್ಯೂನಿಕ್‌ನ ಇಸಿಎಂ ಕಂಪನಿಯಿಂದ. ನಿರ್ಮಾಪಕರು ಮ್ಯಾನ್‌ಫ್ರೆಡ್ ಐಕರ್. ಕಂಪನಿ ಅದಕ್ಕೆ ಕೊಟ್ಟ ಸಂಖ್ಯೆ ಇಸಿಎಂ 1256. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಾದರೆ 2017 ಎಲ್ಲಿಂದ ಬಂತು?

ಸ್ಕ್ರೀನ್‌ಶಾಟ್ ಸುಳ್ಳಾಗಿರಲಿಲ್ಲ. ಅದನ್ನು ಓದಿದ ರೀತಿ ತಪ್ಪಾಗಿತ್ತು. ಅಲ್ಲಿದ್ದದ್ದು ಆ ವಿಡಿಯೊವನ್ನು ಯೂಟ್ಯೂಬ್‌ಗೆ ಏರಿಸಿದ ವರ್ಷ. ಇಸಿಎಂ ಬಹಳ ಕಾಲ ಸ್ಟ್ರೀಮಿಂಗ್ ಆ್ಯಪ್‌ಗಳಿಂದ ದೂರವೇ ಉಳಿದಿತ್ತು. ಕೊನೆಗೆ ತನ್ನ ಸಂಗ್ರಹವನ್ನು ಅಲ್ಲಿಗೆ ಬಿಟ್ಟದ್ದು 2017ರ ನವೆಂಬರ್ 17ರಂದು. ಹಾಗಾಗಿ ಈ ಕಂಪನಿಯ ಎಷ್ಟೋ ಹಳೆಯ ಆಲ್ಬಂಗಳ ಸುತ್ತ 2017 ಎಂಬ ಅಂಕಿ ಅಂಟಿಕೊಂಡಿದೆ. ಅಜ್ಜಿಯ ಮದುವೆ ಫೋಟೊವನ್ನು ನಿನ್ನೆ ಸ್ಕ್ಯಾನ್ ಮಾಡಿ ಫೇಸ್‌ಬುಕ್‌ಗೆ ಹಾಕಿದರೆ ಕೆಳಗೆ ನಿನ್ನೆಯ ದಿನಾಂಕ ಬರುತ್ತದೆ. ಅಜ್ಜಿಗೆ ಮದುವೆಯಾದದ್ದು ನಿನ್ನೆ ಅಂತ ಯಾರೂ ಅನ್ನುವುದಿಲ್ಲ. ಹಾಡಿನ ವಿಷಯದಲ್ಲಿ ಮಾತ್ರ ನಾವು ಹಾಗೇ ಅಂದುಬಿಡುತ್ತೇವೆ.

ಒಂದು ಹಾಡಿಗೆ ಕನಿಷ್ಠ ನಾಲ್ಕು ದಿನಾಂಕ ಇರಬಹುದು. ಸ್ಟುಡಿಯೊದಲ್ಲಿ ಹಾಡಿದ್ದು, ಮೊದಲು ಮಾರಾಟಕ್ಕೆ ಬಂದದ್ದು, ಮತ್ತೆ ಅಚ್ಚಾದದ್ದು, ಇಂಟರ್ನೆಟ್‌ಗೆ ಏರಿದ್ದು. ಕವಿತೆಯಾಗಿದ್ದರೆ ಬರೆದ ವರ್ಷವೂ ಸೇರುತ್ತದೆ. ಕೆ.ಎಸ್. ನಿಸಾರ್ ಅಹಮದ್ ಅವರ 'ನಿತ್ಯೋತ್ಸವ'ವನ್ನೇ ನೋಡಿ. ಪುಸ್ತಕ 1976ರದ್ದು. ಮೈಸೂರು ಅನಂತಸ್ವಾಮಿ ರಾಗ ಹಾಕಿದ ಕ್ಯಾಸೆಟ್ ಬಂದದ್ದು 1978ರಲ್ಲಿ, ಕನ್ನಡದ ಮೊದಲ ಸುಗಮ ಸಂಗೀತ ಕ್ಯಾಸೆಟ್ ಎಂದು ಅದನ್ನು ಗುರುತಿಸುತ್ತಾರೆ. ಇವತ್ತು ಯೂಟ್ಯೂಬ್‌ನಲ್ಲಿ ಅದೇ ಹಾಡುಗಳು ಹತ್ತಾರು ದಿನಾಂಕಗಳಲ್ಲಿ ಸಿಗುತ್ತವೆ.

ಜಾಝ್ ಮತ್ತು ರಾಕ್ ಕೇಳುವವರು ಈ ವಿಷಯದಲ್ಲಿ ಸ್ವಲ್ಪ ಹುಚ್ಚರೇ ಅನ್ನಬಹುದು. ಯಾವ ದಿನ, ಯಾವ ಸ್ಟುಡಿಯೊ, ಯಾರು ಯಾವ ವಾದ್ಯ ಎಂಬುದೆಲ್ಲ ಅವರಿಗೆ ಬೇಕೇ ಬೇಕು. ಅದಕ್ಕೆ ಕಾರಣವೂ ಇದೆ. ಜಾನ್ ಕೋಲ್ಟ್ರೇನ್ ಎಂಬ ಸ್ಯಾಕ್ಸೊಫೋನ್ ದಿಗ್ಗಜ 1963ರ ಮಾರ್ಚ್ 6ರಂದು ನ್ಯೂಜೆರ್ಸಿಯ ಸ್ಟುಡಿಯೊವೊಂದರಲ್ಲಿ ನುಡಿಸಿದ ಸಂಗೀತ ಆಲ್ಬಂ ಆಗಿ ಹೊರಬಂದದ್ದು 2018ರ ಜೂನ್ 29ರಂದು! ಮೂಲ ಟೇಪು ಕಳೆದುಹೋಗಿತ್ತು. ಅವರು ಮನೆಗೆ ಒಯ್ದಿದ್ದ ಪ್ರತಿ ಮೊದಲ ಹೆಂಡತಿಯ ಕುಟುಂಬದವರ ಬಳಿ ಉಳಿದಿತ್ತು. ಕೋಲ್ಟ್ರೇನ್ ತೀರಿಕೊಂಡದ್ದು 1967ರಲ್ಲಿ. ಬಿಡುಗಡೆಯ ವರ್ಷವನ್ನಷ್ಟೇ ನೋಡಿದರೆ, ಸತ್ತು 51 ವರ್ಷದ ಮೇಲೆ ಬಂದು ನುಡಿಸಿದ ಹಾಗಾಯಿತು.

ಬೀಟಲ್ಸ್ ತಂಡದ ಕೊನೆಯ ಆಲ್ಬಂ ಯಾವುದು ಎಂಬ ಕ್ವಿಜ್ ಪ್ರಶ್ನೆಯೂ ಇದೇ ಜಾತಿಯದ್ದು. 'ಲೆಟ್ ಇಟ್ ಬಿ' ಮಾರುಕಟ್ಟೆಗೆ ಬಂದದ್ದು 1970ರ ಮೇ 8ರಂದು, 'ಅಬ್ಬೆ ರೋಡ್' ಅದಕ್ಕಿಂತ ಮುಂಚೆ, 1969ರ ಸೆಪ್ಟೆಂಬರ್ 26ರಂದು. ಆದರೆ 'ಲೆಟ್ ಇಟ್ ಬಿ'ಯ ಬಹುಪಾಲು ರೆಕಾರ್ಡ್ ಆದದ್ದು 1969ರ ಜನವರಿಯಲ್ಲಿ, ಇನ್ನೊಂದರ ಬಹುಪಾಲು ಅದಾದ ಮೇಲೆ. ಯಾವ ದಿನಾಂಕ ಹಿಡಿಯುತ್ತೀರಿ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ರಾಕ್ ಅಂದ ಮೇಲೆ ಇನ್ನೊಂದು ಮಾತು. ಮಣಿ, ರಮಾಮಣಿ ಅವರ ತಂಡ ಜಾಝ್‌ಗಷ್ಟೇ ನಿಲ್ಲಲಿಲ್ಲ. ಡಿಸಿಡೆಂಟನ್ ಎಂಬ ಜರ್ಮನ್ ರಾಕ್ ತಂಡ 1982ರಲ್ಲಿ ತಂದ 'ಜರ್ಮನಿಸ್ತಾನ್' ಆಲ್ಬಂನಲ್ಲೂ ಬೆಂಗಳೂರಿನ ಈ ಕಲಾವಿದರಿದ್ದಾರೆ. ಕೋಲಾರದಿಂದ ಎರಡು ಗಂಟೆಯ ಬಸ್ ದಾರಿಯಲ್ಲಿದ್ದ ತಾಳವಾದ್ಯ ಶಾಲೆಯೊಂದು ಯುರೋಪಿನ ರಾಕ್ ಮತ್ತು ಜಾಝ್ ಎರಡರಲ್ಲೂ ಇತ್ತು ಎನ್ನುವುದು ನಮಗೇ ಈ ಫಾರ್ವರ್ಡ್ ಹುಡುಕುವಾಗ ಗೊತ್ತಾದದ್ದು.

"ಹಳೇ ಹಾಡು ಫ್ರೀ" ಎಂಬ ಇನ್ನೊಂದು ಫಾರ್ವರ್ಡ್

ವರ್ಷ ಹೆಚ್ಚುಕಡಿಮೆ ಆದರೆ ಏನು ಮುಳುಗಿಹೋಗುತ್ತೆ ಅಂತ ಕೇಳಬಹುದು. ಶ್ರೀನಿವಾಸಪುರದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವ ನಮ್ಮ ಪರಿಚಯದ ಹುಡುಗನನ್ನು ಕೇಳಿ. "60 ವರ್ಷ ದಾಟಿದ ಹಾಡಿಗೆ ಕಾಪಿರೈಟ್ ಇಲ್ಲ" ಎಂಬ ಫಾರ್ವರ್ಡ್ ನಂಬಿ ಅವನು ತನ್ನ ಚಾನೆಲ್‌ನ ವಿಡಿಯೊಗಳಿಗೆಲ್ಲ ಪುರಂದರದಾಸರ ಪದಗಳನ್ನು ಹಿನ್ನೆಲೆಗೆ ಹಾಕಿದ. "ಐನೂರು ವರ್ಷ ಹಳೇದು ಅಣ್ಣ, ಯಾರು ಕೇಳ್ತಾರೆ?" ಅಂದಿದ್ದ. ಕೇಳಿದರು. ಒಂದೇ ತಿಂಗಳಲ್ಲಿ ಎರಡು ಕಾಪಿರೈಟ್ ಸ್ಟ್ರೈಕ್ ಬಂತು. ಯೂಟ್ಯೂಬ್ ನಿಯಮದಲ್ಲಿ 90 ದಿನದೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು. ಅವನಿಗೆ ಆರ್ಡರ್ ಬರುವುದೇ ಆ ಚಾನೆಲ್ ನೋಡಿ.

ಅವನು ಎಡವಿದ್ದೆಲ್ಲಿ? ದಾಸರ ಪದ ಯಾರ ಸ್ವತ್ತೂ ಅಲ್ಲ, ಅದು ಸರಿ. ಆದರೆ ಅದನ್ನು ಒಬ್ಬರು ಹಾಡಿ, ಒಂದು ಕಂಪನಿ ರೆಕಾರ್ಡ್ ಮಾಡಿ ತಂದರೆ, ಆ ಧ್ವನಿಮುದ್ರಣಕ್ಕೆ ಬೇರೆಯೇ ಹಕ್ಕು ಹುಟ್ಟುತ್ತದೆ. ಭಾರತದ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಅದು ಮೊದಲು ಪ್ರಕಟವಾದ ಮರುವರ್ಷದ ಜನವರಿಯಿಂದ 60 ವರ್ಷ. ಇಲ್ಲಿ ಲೆಕ್ಕಕ್ಕೆ ಬರುವುದು ರೆಕಾರ್ಡ್ ಮಾಡಿದ ದಿನವಲ್ಲ, ಪ್ರಕಟವಾದ ವರ್ಷ. 1960ರಲ್ಲಿ ಬಂದ ತಟ್ಟೆಯ ಅವಧಿ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. 1978ರ 'ನಿತ್ಯೋತ್ಸವ' ಕ್ಯಾಸೆಟ್‌ಗೆ 2038ರ ಕೊನೆಯವರೆಗೆ, 1983ರ 'ಜ್ಯೋತಿ'ಗೆ 2043ರ ಕೊನೆಯವರೆಗೆ ಹಕ್ಕಿದೆ. ಕೋಲ್ಟ್ರೇನ್ ಆಲ್ಬಂ 1963ರಲ್ಲಿ ನುಡಿಸಿದ್ದಾದರೂ ಪ್ರಕಟವಾದದ್ದು 2018ರಲ್ಲಿ. ನಮ್ಮ ಕಾನೂನಿನ ಲೆಕ್ಕದಲ್ಲಿ ಅದು 2078ರವರೆಗೆ ಹೋಗುತ್ತದೆ.

ತಟ್ಟೆಯ ಹಕ್ಕು ಮುಗಿದರೂ ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಬೇರೆ ಇರುತ್ತದೆ, ಅದು ಕವಿ ಅಥವಾ ಸಂಯೋಜಕರು ತೀರಿಕೊಂಡ ಮೇಲೆ 60 ವರ್ಷ. ಹಾಡಿದವರ, ನುಡಿಸಿದವರ ಹಕ್ಕು ಮೂರನೆಯದು. ಅದು ಪ್ರದರ್ಶನ ನಡೆದ ಮರುವರ್ಷದಿಂದ 50 ವರ್ಷ. ಇಲ್ಲಿ ಮಾತ್ರ ರೆಕಾರ್ಡಿಂಗ್ ದಿನಾಂಕವೇ ಮುಖ್ಯ. ಸ್ಟುಡಿಯೊ ಡೈರಿಯಲ್ಲಿ ತಾರೀಕು ಬರೆದಿಡದಿದ್ದರೆ ನಷ್ಟ ಯಾರಿಗೆ ಅಂತ ಯೋಚಿಸಿ.

ಹಾಗಂತ ಮದುವೆಯಲ್ಲಿ ಹಾಡು ಹಾಕಲು ಹೆದರಬೇಕಿಲ್ಲ. ಮದುವೆ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಸಮಾರಂಭಗಳಲ್ಲಿ ಹಾಡು ಕೇಳಿಸುವುದು ಉಲ್ಲಂಘನೆಯಲ್ಲ ಎಂದು ಅದೇ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರವೂ ಇದನ್ನು ಮತ್ತೆ ಸ್ಪಷ್ಟಪಡಿಸಿತು. ಆದರೆ ಆ ವಿಡಿಯೊವನ್ನು ಚಾನೆಲ್‌ಗೆ ಏರಿಸುವುದು ಈ ವಿನಾಯಿತಿಯೊಳಗೆ ಬರುವುದಿಲ್ಲ.

ಫೋನ್‌ನಲ್ಲೇ ನೋಡುವುದು ಹೇಗೆ

ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಆಲ್ಬಂ ತೆರೆದು ಕೊನೆಯವರೆಗೆ ಇಳಿಯಿರಿ. ವೃತ್ತದೊಳಗೆ 'ಪಿ' ಅಕ್ಷರ, ಪಕ್ಕದಲ್ಲಿ ಒಂದು ವರ್ಷ ಇರುತ್ತದೆ. ಆ 'ಪಿ' ಧ್ವನಿಮುದ್ರಣ ಪ್ರಕಟವಾದದ್ದರ ಗುರುತು. ವೃತ್ತದೊಳಗೆ 'ಸಿ' ಇದ್ದರೆ ಅದು ಮುಖಪುಟದ ಚಿತ್ರ, ಬರಹ ಇತ್ಯಾದಿಗಳದ್ದು. 'ಪಿ' ಪಕ್ಕದ ವರ್ಷವನ್ನೂ ಕಣ್ಣುಮುಚ್ಚಿ ನಂಬಬೇಡಿ. ಸಂಕಲನಗಳಲ್ಲಿ, ಮರುಬಿಡುಗಡೆಗಳಲ್ಲಿ ಅಲ್ಲಿ ಹೊಸ ವರ್ಷ ಬಂದು ಕೂತಿರುತ್ತದೆ.

ಯೂಟ್ಯೂಬ್‌ನಲ್ಲಿ ವಿಡಿಯೊ ಕೆಳಗಿನ ವಿವರಣೆ ತೆರೆಯಿರಿ. ಕಂಪನಿಯೇ ಕೊಟ್ಟ ಹಾಡಾದರೆ ಬಿಡುಗಡೆಯ ದಿನಾಂಕ ಬೇರೆಯೇ ಸಾಲಿನಲ್ಲಿ ಇರುತ್ತದೆ. ಅದು ಜನವರಿ 1 ಅಥವಾ ಡಿಸೆಂಬರ್ 31 ಆಗಿದ್ದರೆ ಅನುಮಾನಪಡಿ. ವರ್ಷ ಮಾತ್ರ ಗೊತ್ತಿದ್ದು ದಿನ ಗೊತ್ತಿಲ್ಲದಾಗ ಖಾಲಿ ಜಾಗ ತುಂಬಲು ಹಾಕುವ ತಾರೀಕುಗಳು ಅವು. ನಮ್ಮ ಅಪ್ಪಂದಿರ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಎಲ್ಲರಿಗೂ ಜೂನ್ 1 ಅಂತ ಹುಟ್ಟಿದ ದಿನ ಬರೆದುಕೊಳ್ಳುತ್ತಿದ್ದರಲ್ಲ, ಹಾಗೆ.

ಈಗ ಆ ಇಸಿಎಂ 1256. ಪ್ರತಿ ತಟ್ಟೆ, ಕ್ಯಾಸೆಟ್, ಸಿಡಿಗೆ ಕಂಪನಿ ಇಂಥದ್ದೊಂದು ಸಂಖ್ಯೆ ಕೊಡುತ್ತದೆ. ಹಾಡಿನ ಹೆಸರು ನೂರಾರು ಕಡೆ ಒಂದೇ ಇರಬಹುದು, ಈ ಸಂಖ್ಯೆ ಹಾಗಲ್ಲ. ಡಿಸ್ಕಾಗ್ಸ್ ಅಥವಾ ಮ್ಯೂಸಿಕ್‌ಬ್ರೈನ್ಸ್ ಎಂಬ ಉಚಿತ ತಾಣಗಳಲ್ಲಿ ಇದನ್ನು ಹಾಕಿ ಹುಡುಕಿದರೆ ಆಲ್ಬಂನ ಹಿಂಬದಿಯ ವಿವರ ಸಿಗುತ್ತದೆ, ಎಷ್ಟೋ ಬಾರಿ ಫೋಟೊ ಸಮೇತ. ಈ ತಾಣಗಳನ್ನು ತುಂಬುವವರು ಬಳಕೆದಾರರೇ, ಆದ್ದರಿಂದ ಬರಹಕ್ಕಿಂತ ಫೋಟೊವನ್ನು ನಂಬಿ. ನಾವು ಹೆಸರುಗಳನ್ನು ತಾಳೆ ನೋಡಿದ್ದೂ ಹೀಗೆಯೇ.

ಇಷ್ಟು ವಿವರ ವಿದೇಶಿ ಜಾಝ್ ತಟ್ಟೆಗಳಿಗೆ ಸಿಗುತ್ತದೆ, ನಮ್ಮ ಸುತ್ತಲಿನ ಸಂಗೀತಕ್ಕೆ ಸಿಗುವುದಿಲ್ಲ. ಮುಳಬಾಗಿಲಿನ ಗೆಳೆಯರೊಬ್ಬರ ಮನೆಯಲ್ಲಿ ಊರಿನ ಭಜನಾ ತಂಡದ ಒಂದು ಕ್ಯಾಸೆಟ್ ನೋಡಿದೆವು. ಹೊದಿಕೆಯ ಮೇಲೆ ದೇವರ ಚಿತ್ರವಿದೆ, ದಾನಿಗಳ ಹೆಸರಿದೆ, ಅಂಗಡಿಯ ಜಾಹೀರಾತಿದೆ. ಹಾಡಿದವರು ಯಾರು, ತಬಲಾ ಯಾರದ್ದು, ಯಾವ ವರ್ಷ, ಒಂದೂ ಇಲ್ಲ. ಗೆಳೆಯರ ತಾಯಿ ದನಿ ಕೇಳಿ ಇಬ್ಬರನ್ನು ಗುರುತಿಸಿದರು. ಮೂರನೆಯವರು ಯಾರೆಂದು ಅವರಿಗೂ ನೆನಪಾಗಲಿಲ್ಲ. ನಿಮ್ಮ ಊರಿನ ಕೋಲಾಟ, ತಮಟೆ, ಭಜನೆಯನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ ಏರಿಸುವಾಗ ಹಾಡಿದವರ ಹೆಸರು, ಊರು, ತಾರೀಕು ವಿವರಣೆಯಲ್ಲಿ ಬರೆಯಿರಿ. ಎರಡು ನಿಮಿಷದ ಕೆಲಸ.

ಮಾಲೂರಿನ ಓದುಗರಿಗೆ ನಾವು ಕಳಿಸಿದ ಉತ್ತರ ಇದು. ಆ ಫಾರ್ವರ್ಡ್ ನಿಮಗೂ ಬಂದಿದ್ದರೆ ಕಾಪಿ ಮಾಡಿ ಅದರ ಕೆಳಗೇ ಹಾಕಿ:

"ಇದು ಕದ್ರಿ ಗೋಪಾಲನಾಥ್ ಅವರದಲ್ಲ. ಆಲ್ಬಂ: ಜ್ಯೋತಿ. ಗಾಯನ: ಆರ್.ಎ. ರಮಾಮಣಿ. ಸ್ಯಾಕ್ಸೊಫೋನ್: ಚಾರ್ಲಿ ಮರಿಯಾನೊ. ಮೃದಂಗ: ಟಿ.ಎ.ಎಸ್. ಮಣಿ. ಘಟ: ಆರ್.ಎ. ರಾಜಗೋಪಾಲ್. ಖಂಜಿರ: ಟಿ.ಎನ್. ಶಶಿಕುಮಾರ್. ರೆಕಾರ್ಡಿಂಗ್: 1983 ಫೆಬ್ರವರಿ. ಬಿಡುಗಡೆ: 1983, ಇಸಿಎಂ 1256."