ಪಿಕಪ್ ವಾಹನದ ಇಂಧನ: ಸೋರುವುದೆಲ್ಲಿ, ಉಳಿಯುವುದು ಹೇಗೆ?

ಬಿಡದಿಯಿಂದ ಹೊರಟು ಹಾರೋಹಳ್ಳಿಯನ್ನು ಹಾದು ಜಿಗಣಿಯ ಕಡೆಗೆ ಸಾಗುವ ರಸ್ತೆಯಲ್ಲಿ ದಿನವಿಡೀ ಪಿಕಪ್ ವಾಹನಗಳ ಓಡಾಟ. ಹಾರೋಹಳ್ಳಿ ಕೈಗಾರಿಕಾ ಪ್ರದೇಶಕ್ಕೆ ಯಂತ್ರದ ಬಿಡಿಭಾಗಗಳು, ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು, ಬೆಂಗಳೂರಿಗೆ ತರಕಾರಿ ಹೀಗೆ ಹೊರೆ ಬಗೆಬಗೆಯದು. ಇಂಥ ಹಲವು ವಾಹನಗಳಿಗೆ ಮಾಲೀಕನೇ ಚಾಲಕ. ಬಾಡಿಗೆ ಮೊದಲೇ ಗೊತ್ತಾಗಿರುತ್ತದೆ. ಡೀಸೆಲಿನ ಖರ್ಚು ಕಳೆದು ಉಳಿದದ್ದರಲ್ಲಿ ಸಾಲದ ಕಂತೂ ಸಾಗಬೇಕು, ಮನೆಯೂ ನಡೆಯಬೇಕು. ಆದ್ದರಿಂದ ಹೊಸ ವಾಹನ ಕೊಳ್ಳುವಾಗ ಅವನು ಮೊದಲು ಕೇಳುವ ಪ್ರಶ್ನೆ, 'ಮೈಲೇಜ್ ಎಷ್ಟು?'

ಈ ಪ್ರಶ್ನೆಗೆ ಒಂದೇ ಸಂಖ್ಯೆಯ ಉತ್ತರವಿಲ್ಲ. ಏಕಿಲ್ಲ ಎಂಬುದನ್ನು ಪದವಿಪೂರ್ವ ತರಗತಿಯ ಭೌತವಿಜ್ಞಾನದಿಂದಲೇ ತಿಳಿಯಬಹುದು. ಅದನ್ನು ತಿಳಿದರೆ ಇಂದು ಪಿಕಪ್ ಎಂಜಿನ್ನುಗಳಲ್ಲಿ ಆಗುತ್ತಿರುವ ಬದಲಾವಣೆಗಳ ಮರ್ಮವೂ ಅರ್ಥವಾಗುತ್ತದೆ.

ಒಂದು ಸರಳ ಲೆಕ್ಕ

ಒಂದು ಪಿಕಪ್ ವಾಹನದ ಸ್ವಂತ ತೂಕ 1700 ಕಿಗ್ರಾಂ, ಹೊರೆ 1300 ಕಿಗ್ರಾಂ, ಒಟ್ಟು 3000 ಕಿಗ್ರಾಂ ಎಂದು ಭಾವಿಸಿ. ಸಮತಟ್ಟು ರಸ್ತೆಯಲ್ಲಿ ಅದು ಗಂಟೆಗೆ 60 ಕಿಮೀ ವೇಗದಲ್ಲಿ, ಅಂದರೆ ಸೆಕೆಂಡಿಗೆ 16.7 ಮೀಟರ್ ವೇಗದಲ್ಲಿ ಸಾಗುತ್ತಿದೆ. ಅದನ್ನು ತಡೆಯುವ ಬಲಗಳು ಎರಡು.

ಮೊದಲನೆಯದು ಚಕ್ರಗಳ ಉರುಳು ಘರ್ಷಣೆ. ಇದು ತೂಕದ ಸುಮಾರು ನೂರನೇ ಒಂದು ಭಾಗ. 3000ವನ್ನು ಗುರುತ್ವ ವೇಗೋತ್ಕರ್ಷ 9.8ರಿಂದ ಗುಣಿಸಿ ನೂರರಿಂದ ಭಾಗಿಸಿದರೆ 294 ನ್ಯೂಟನ್. ಎರಡನೆಯದು ಗಾಳಿಯ ತಡೆ. ಗಾಳಿಯ ಸಾಂದ್ರತೆ 1.1, ತಡೆಯ ಗುಣಾಂಕ 0.5, ಎದುರು ವಿಸ್ತೀರ್ಣ 3 ಚದರ ಮೀಟರ್ ಎಂದಿಟ್ಟುಕೊಂಡರೆ ಇದು ಸುಮಾರು 229 ನ್ಯೂಟನ್. ಎರಡೂ ಸೇರಿ 523 ನ್ಯೂಟನ್. ಇದನ್ನು ವೇಗದಿಂದ ಗುಣಿಸಿದರೆ ಬೇಕಾಗುವ ಸಾಮರ್ಥ್ಯ 8.7 ಕಿಲೋವಾಟ್. ಈ ಬಗೆಯ ವಾಹನದ ಎಂಜಿನ್ ಸುಮಾರು 55 ಕಿಲೋವಾಟ್ ಸಾಮರ್ಥ್ಯದ್ದು. ಪೂರ್ಣ ಹೊರೆ ಹೊತ್ತಾಗಲೂ ಅದರ ಆರನೇ ಒಂದು ಭಾಗವಷ್ಟೇ ಸಾಕಾಗುತ್ತಿದೆ!

ಹಾಗಾದರೆ ಅಷ್ಟು ದೊಡ್ಡ ಎಂಜಿನ್ ಏಕೆ? ಏರು ಹತ್ತಲು. ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿ ಇದೇ ವಾಹನವನ್ನು ಗುರುತ್ವ ಹಿಂದಕ್ಕೆಳೆಯುವ ಬಲ 1470 ನ್ಯೂಟನ್. ಗಂಟೆಗೆ 40 ಕಿಮೀ ವೇಗದಲ್ಲಿ ಈ ಏರನ್ನು ಹತ್ತಲು 20 ಕಿಲೋವಾಟಿಗಿಂತ ಹೆಚ್ಚು ಬೇಕು. ನಿಂತಲ್ಲಿಂದ ಬೇಗನೆ ವೇಗ ಪಡೆಯಲು, ಮುಂದಿನ ವಾಹನವನ್ನು ಹಿಂದಿಕ್ಕಲು ಇನ್ನೂ ಹೆಚ್ಚು. ಹೀಗೆ ಎಂಜಿನ್ನನ್ನು ಆರಿಸುವುದು ಅತ್ಯಂತ ಕಷ್ಟದ ಕ್ಷಣಕ್ಕಾಗಿ, ಓಡಿಸುವುದು ಹೆಚ್ಚಾಗಿ ಸುಲಭದ ಕ್ಷಣಗಳಲ್ಲಿ. ಪಿಕಪ್ಪಿನ ಮೂಲ ಸಮಸ್ಯೆ ಇದೇ.

ಅಂಗಡಿಯ ಬಾಡಿಗೆಯಂತೆ

ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿ ಅಡಗಿದೆ. ನಮ್ಮ ವಾಹನ ಒಂದು ಕಿಮೀ ಸಾಗಲು ಮಾಡುವ ಕೆಲಸ 523 ಕಿಲೋಜೂಲ್. ಇಂಧನದ ಶಕ್ತಿಯೆಲ್ಲ ಚಕ್ರಕ್ಕೆ ತಲುಪುವಂತಿದ್ದರೆ ಲೀಟರಿಗೆ 69 ಕಿಮೀ ಓಡಬೇಕಿತ್ತು. ಅದು ನಿಜವಾಗಿ 15 ಕಿಮೀ ಕೊಡುತ್ತದೆ ಎಂದುಕೊಳ್ಳಿ. ಆಗ ಒಟ್ಟು ದಕ್ಷತೆ ಸುಮಾರು ಶೇಕಡ 22.

ಉಷ್ಣವನ್ನು ಪೂರ್ತಿಯಾಗಿ ಕೆಲಸವನ್ನಾಗಿ ಮಾರ್ಪಡಿಸಲು ಉಷ್ಣಗತಿವಿಜ್ಞಾನದ ಎರಡನೆಯ ನಿಯಮ ಬಿಡುವುದಿಲ್ಲ. ಒಳ್ಳೆಯ ಡೀಸೆಲ್ ಎಂಜಿನ್ ತನ್ನ ಅನುಕೂಲದ ಸ್ಥಿತಿಯಲ್ಲಿ ಶೇಕಡ 40ರ ಆಸುಪಾಸು ದಕ್ಷತೆ ತೋರಬಲ್ಲದು. ಆ 40 ರಸ್ತೆಯ ಮೇಲೆ 22ಕ್ಕೆ ಇಳಿಯುವುದೇಕೆ?

ಒಂದು ಅಂಗಡಿಯನ್ನು ನೆನಪಿಗೆ ತಂದುಕೊಳ್ಳಿ. ಗಿರಾಕಿಗಳು ಹತ್ತು ಬರಲಿ, ನೂರು ಬರಲಿ, ಅಂಗಡಿಯ ಬಾಡಿಗೆ ಬದಲಾಗದು. ಎಂಜಿನ್ನಿನಲ್ಲಿಯೂ ಕೊಂತ ಮತ್ತು ಸಿಲಿಂಡರಿನ ನಡುವಿನ ಘರ್ಷಣೆ, ಎಣ್ಣೆ ಮತ್ತು ನೀರಿನ ಪಂಪು, ಆಲ್ಟರ್ನೇಟರ್ ಇವುಗಳ ಖರ್ಚು ಹೊರೆಗೆ ತಕ್ಕಂತೆ ಇಳಿಯುವುದಿಲ್ಲ. ಈ 'ಬಾಡಿಗೆ' 5 ಕಿಲೋವಾಟ್ ಎಂದು ಭಾವಿಸಿ. ಎಂಜಿನ್ 40 ಕಿಲೋವಾಟ್ ಹೊರಕ್ಕೆ ಕೊಡುವಾಗ ಇದು ಒಟ್ಟಿನ ಒಂಬತ್ತನೇ ಒಂದು ಭಾಗ. ಖಾಲಿ ವಾಹನಕ್ಕೆ 7 ಕಿಲೋವಾಟ್ ಕೊಡುವಾಗ ಹನ್ನೆರಡರಲ್ಲಿ ಐದು ಭಾಗ! ಎಂಜಿನ್ ಹೆಚ್ಚು ದುಡಿದಾಗಲ್ಲ, ಅರೆಬರೆ ದುಡಿದಾಗ ದುಂದುಗಾರ.

ಇಂಧನ ಉಳಿಸುವ ಹೊಸ ತಂತ್ರಗಳ ಪೈಕಿ ಹೆಚ್ಚಿನವು ಈ ಅರೆಬರೆ ದುಡಿಮೆಗೆ ಹುಡುಕಿದ ಮದ್ದುಗಳು.

ಒತ್ತಡ ಹೆಚ್ಚಿಸು, ಗಾತ್ರ ತಗ್ಗಿಸು

2005ರಲ್ಲಿ ಬಂದ ಟಾಟಾ ಏಸ್ ನಮ್ಮ ಊರುಗಳ ಸರಕು ಸಾಗಣೆಯನ್ನೇ ಬದಲಿಸಿತು. ಅದರ ಮೊದಲ ಎಂಜಿನ್ 702 ಘನ ಸೆಂಟಿಮೀಟರಿನದು, ಸಿಲಿಂಡರುಗಳು ಎರಡು. ಅದರಲ್ಲಿ ಡೀಸೆಲನ್ನು ಸಿಲಿಂಡರಿನ ಪಕ್ಕದ ಪುಟ್ಟ ಕೋಣೆಯೊಂದಕ್ಕೆ ಸಿಂಪಡಿಸಲಾಗುತ್ತಿತ್ತು. ಆ ಕೋಣೆಯ ಗೋಡೆಗಳ ಮೂಲಕ ಉಷ್ಣ ಸೋರಿಹೋಗುತ್ತದೆ. ಈಗಿನ ಎಂಜಿನ್ನುಗಳಲ್ಲಿ ಡೀಸೆಲನ್ನು ನೇರವಾಗಿ ಸಿಲಿಂಡರಿಗೇ ಸಿಂಪಡಿಸುತ್ತಾರೆ. 'ಕಾಮನ್ ರೈಲ್' ಎಂಬ ವ್ಯವಸ್ಥೆಯಲ್ಲಿ ಎಲ್ಲ ಸಿಲಿಂಡರುಗಳಿಗೂ ಸೇರಿ ಒಂದೇ ಕೊಳವೆ. ಅದರೊಳಗಿನ ಒತ್ತಡ ವಾಯುಮಂಡಲದ ಒತ್ತಡದ ಸಾವಿರ ಪಟ್ಟನ್ನೂ ಮೀರುತ್ತದೆ. ಹನಿ ಸಣ್ಣದಾದಷ್ಟೂ ಅದರ ಮೇಲ್ಮೈ ಗಾತ್ರಕ್ಕೆ ಹೋಲಿಸಿದರೆ ಹೆಚ್ಚುತ್ತದೆ, ದಹನ ಚೊಕ್ಕವಾಗುತ್ತದೆ. ಹಿರಿಯರು ಮೈಕೊ ಎಂದೇ ಬಲ್ಲ ಬಾಷ್ ಕಂಪನಿ ಇಂಥ ವ್ಯವಸ್ಥೆಗಳ ಪ್ರಮುಖ ತಯಾರಕ. ಆಡುಗೋಡಿಯಲ್ಲಿದ್ದ ಅದರ ಉತ್ಪಾದನೆ ಬಿಡದಿಗೆ ಸ್ಥಳಾಂತರಗೊಂಡಿದೆ.

ಇದಕ್ಕೆ ಜೊತೆಯಾದದ್ದು ಟರ್ಬೊ. ಹೊಗೆಯೊಡನೆ ಹೊರಹೋಗುವ ಶಕ್ತಿಯಿಂದ ಒಂದು ಚಕ್ರ ತಿರುಗುತ್ತದೆ, ಅದು ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ತುಂಬುತ್ತದೆ. ಚಿಕ್ಕ ಎಂಜಿನ್ ಬೇಕೆಂದಾಗ ದೊಡ್ಡದರ ಕೆಲಸ ಮಾಡುತ್ತದೆ, ಬೇಡವಾದಾಗ ಚಿಕ್ಕ 'ಬಾಡಿಗೆ'ಯಲ್ಲಿ ಓಡುತ್ತದೆ. ಅಮೆರಿಕದ ಭಾರೀ ಪಿಕಪ್ ಫೋರ್ಡ್ ಎಫ್-150ಕ್ಕೆ 2011ರಲ್ಲಿ 3.5 ಲೀಟರಿನ, ಆರು ಸಿಲಿಂಡರಿನ ಟರ್ಬೊ ಎಂಜಿನ್ನನ್ನು ಅಳವಡಿಸಿದ್ದು ಇದೇ ತರ್ಕದಿಂದ. ಅದುವರೆಗೆ ಆ ಕೆಲಸಕ್ಕೆ ಎಂಟು ಸಿಲಿಂಡರ್ ಬೇಕೆಂಬುದು ಅಲ್ಲಿಯ ರೂಢಿಯಾಗಿತ್ತು.

ಸಿಲಿಂಡರಿಗೆ ರಜೆ

ಎಂಟು ಸಿಲಿಂಡರನ್ನು ಬಿಡಲೊಲ್ಲದವರು ಬೇರೆ ದಾರಿ ಹಿಡಿದರು. ಪೆಟ್ರೋಲ್ ಎಂಜಿನ್ನಿನಲ್ಲಿ ಸಾಮರ್ಥ್ಯ ತಗ್ಗಿಸಲು ಗಾಳಿಯ ದಾರಿಯನ್ನು ಕಿರಿದು ಮಾಡುತ್ತಾರೆ. ಕಿರಿದಾದ ಕೊಳವೆಯಿಂದ ಎಳನೀರು ಹೀರುವಾಗ ಕೆನ್ನೆ ಒಳಕ್ಕೆ ಹೋಗುವುದಿಲ್ಲವೆ? ಕೊಂತವೂ ಹಾಗೆಯೇ ಕಷ್ಟಪಟ್ಟು ಗಾಳಿ ಎಳೆಯಬೇಕು. ಈ ಶ್ರಮಕ್ಕೂ ಇಂಧನ ಖರ್ಚಾಗುತ್ತದೆ. ಎಂಟರಲ್ಲಿ ನಾಲ್ಕು ಸಿಲಿಂಡರುಗಳ ಕವಾಟಗಳನ್ನು ಮುಚ್ಚಿ ಅವಕ್ಕೆ ರಜೆ ಕೊಟ್ಟರೆ ಉಳಿದ ನಾಲ್ಕು ಹೆಚ್ಚು ದುಡಿಯಬೇಕಾಗುತ್ತದೆ. ಅವುಗಳ ಗಾಳಿಯ ದಾರಿ ಅಗಲವಾಗಿ ತೆರೆಯುತ್ತದೆ, ದಕ್ಷತೆ ಏರುತ್ತದೆ. ಜನರಲ್ ಮೋಟಾರ್ಸ್ 2019ರ ಮಾದರಿಯ ಪಿಕಪ್ಪಿನಲ್ಲಿ ಸಿಲಿಂಡರುಗಳಿಗೆ 17 ಬೇರೆ ಬೇರೆ ಕ್ರಮಗಳಲ್ಲಿ ರಜೆ ಕೊಡುವ ವ್ಯವಸ್ಥೆ ತಂದಿತು. ಡೀಸೆಲ್ ಎಂಜಿನ್ನಿನಲ್ಲಿ ಸಾಮರ್ಥ್ಯವನ್ನು ಹತೋಟಿಯಲ್ಲಿಡುವುದು ಇಂಧನದ ಪ್ರಮಾಣ, ಗಾಳಿಯದಲ್ಲ. ಆದ್ದರಿಂದ ನಮ್ಮ ಡೀಸೆಲ್ ಪಿಕಪ್ಪುಗಳಿಗೆ ಈ ತಂತ್ರದಿಂದ ಸಿಗುವ ಲಾಭ ಕಡಿಮೆ.

48 ವೋಲ್ಟ್ ಏಕೆ?

ಗಂಟೆಗೆ 60 ಕಿಮೀ ವೇಗದಲ್ಲಿರುವ ನಮ್ಮ ವಾಹನದ ಚಲನಶಕ್ತಿ 417 ಕಿಲೋಜೂಲ್. ರಸ್ತೆ ಉಬ್ಬು ಕಂಡು ಬ್ರೇಕ್ ಒತ್ತಿ ವೇಗವನ್ನು 20ಕ್ಕೆ ಇಳಿಸಿದರೆ ಇದರ ಒಂಬತ್ತರಲ್ಲಿ ಎಂಟು ಭಾಗ ಬ್ರೇಕನ್ನು ಬಿಸಿ ಮಾಡಿ ಕಳೆದುಹೋಗುತ್ತದೆ. ಅದು ಸುಮಾರು 370 ಕಿಲೋಜೂಲ್, ಸಮವೇಗದಲ್ಲಿ 700 ಮೀಟರ್ ಸಾಗಲು ಸಾಕಾಗುವಷ್ಟು! ಊರಿಗೆ ನಾಲ್ಕು ಉಬ್ಬು ಇದ್ದರೆ ಎಷ್ಟೆಂದು ನೀವೇ ಲೆಕ್ಕ ಹಾಕಿ.

ಈ ಶಕ್ತಿಯ ಒಂದು ಪಾಲನ್ನು ಮರಳಿ ಪಡೆಯುವುದೇ ಹೈಬ್ರಿಡ್ ತಂತ್ರ. ಬ್ರೇಕ್ ಹಾಕುವಾಗ ಮೋಟರು ಜನರೇಟರಾಗಿ ಬ್ಯಾಟರಿಯನ್ನು ತುಂಬುತ್ತದೆ, ವೇಗ ಪಡೆಯುವಾಗ ಎಂಜಿನ್ನಿಗೆ ಹೆಗಲು ಕೊಡುತ್ತದೆ. ವಾಹನ ನಿಂತಾಗ ಎಂಜಿನ್ ಆರಬಹುದು. ಹಳೆಯ 12 ವೋಲ್ಟ್ ಬ್ಯಾಟರಿ ಇದಕ್ಕೆ ಸಾಲದು. 10 ಕಿಲೋವಾಟ್ ಸಾಮರ್ಥ್ಯಕ್ಕೆ 12 ವೋಲ್ಟಿನಲ್ಲಿ 833 ಆಂಪೇರ್ ಹರಿಯಬೇಕು, 48 ವೋಲ್ಟಿನಲ್ಲಿ 208 ಸಾಕು. ತಂತಿಯಲ್ಲಿ ಆಗುವ ನಷ್ಟ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾದದ್ದರಿಂದ ಅದು ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ.

ಟೊಯೊಟಾ ಕಿರ್ಲೋಸ್ಕರ್ ಕಂಪನಿಯ ಹೈಲಕ್ಸ್ ಪಿಕಪ್ 2022ರಲ್ಲಿ ಭಾರತಕ್ಕೆ ಬಂದಿತು. ಅದರ ಎಂಜಿನ್ 2.8 ಲೀಟರಿನ ಟರ್ಬೊ ಡೀಸೆಲ್, ಗರಿಷ್ಠ ಸಾಮರ್ಥ್ಯ ಸುಮಾರು 150 ಕಿಲೋವಾಟ್. ಇದೇ ಎಂಜಿನ್ನಿನ ಫಾರ್ಚುನರ್ ವಾಹನಕ್ಕೆ 2025ರ ಜೂನಿನಲ್ಲಿ ಭಾರತದಲ್ಲಿಯೂ 48 ವೋಲ್ಟ್ ವ್ಯವಸ್ಥೆ ಬಂದಿತು. 2025ರ ನವೆಂಬರಿನಲ್ಲಿ ಅನಾವರಣಗೊಂಡ ಹೈಲಕ್ಸಿನ ಒಂಬತ್ತನೆಯ ಪೀಳಿಗೆಯಲ್ಲಿ 48 ವೋಲ್ಟ್ ಡೀಸೆಲಿನ ಜೊತೆಗೆ ಪೂರ್ಣ ವಿದ್ಯುತ್ ಮಾದರಿಯೂ ಇದೆ. ಹೈಡ್ರೋಜನ್ ಕೋಶದ ಮಾದರಿಯನ್ನು 2028ಕ್ಕೆ ತರುವುದಾಗಿ ಕಂಪನಿ ಹೇಳಿದೆ.

ಉಳಿತಾಯಕ್ಕೂ ಬೆಲೆಯುಂಟು

ಯಾವ ತಂತ್ರವೂ ಪುಕ್ಕಟೆಯಲ್ಲ. ಹೊಸ ಹೈಲಕ್ಸಿನ ಡೀಸೆಲ್ ಮಾದರಿ ಸುಮಾರು ಒಂದು ಟನ್ ಹೊರಬಲ್ಲದು. ಬ್ಯಾಟರಿಯ ಭಾರ ಹೊತ್ತ ವಿದ್ಯುತ್ ಮಾದರಿಯ ಹೊರೆ ಸುಮಾರು 715 ಕಿಗ್ರಾಂಗೆ ಇಳಿದಿದೆ. ಆದರೆ ವಿದ್ಯುತ್ ಮೋಟರಿನ ದಕ್ಷತೆಯನ್ನೂ ಮರೆಯುವಂತಿಲ್ಲ. 2022ರಲ್ಲಿ ಬಂದ ಟಾಟಾ ಏಸ್ ವಿದ್ಯುತ್ ವಾಹನದ ಬ್ಯಾಟರಿಯಲ್ಲಿ 21.3 ಕಿಲೋವಾಟ್-ಗಂಟೆ ಶಕ್ತಿ ಹಿಡಿಯುತ್ತದೆ. ಅದು ಎರಡು ಲೀಟರಿಗಿಂತ ಸ್ವಲ್ಪ ಹೆಚ್ಚು ಡೀಸೆಲಿಗೆ ಸಮ! ಅಷ್ಟರಲ್ಲೇ ಅದು 154 ಕಿಮೀ ಸಾಗಬಲ್ಲದೆಂದು ಪ್ರಮಾಣೀಕರಿಸಲಾಗಿದೆ. ಆ ವಿದ್ಯುತ್ತನ್ನು ಉತ್ಪಾದಿಸುವಾಗ ಸ್ಥಾವರದಲ್ಲಾದ ನಷ್ಟ ಈ ಲೆಕ್ಕದಲ್ಲಿ ಸೇರಿಲ್ಲ ಎಂಬುದು ಗಮನದಲ್ಲಿರಲಿ.

ಡೀಸೆಲಿನಲ್ಲಿಯೂ ಇಂಥ ಇಕ್ಕಟ್ಟಿದೆ. ದಹನದ ತಾಪ ಏರಿದರೆ ದಕ್ಷತೆಗೆ ಒಳ್ಳೆಯದು, ಆದರೆ ಗಾಳಿಯ ನೈಟ್ರೋಜನ್ ಆಕ್ಸಿಜನ್ನಿನೊಡನೆ ಕೂಡಿ ವಿಷಾನಿಲವಾಗುತ್ತದೆ. 2020ರ ಏಪ್ರಿಲ್‌ನಿಂದ ಜಾರಿಯಾದ ಭಾರತ್ ಸ್ಟೇಜ್ 6 ನಿಯಮಗಳು ಈ ಅನಿಲಕ್ಕೂ ಮಸಿಗೂ ಬಿಗಿಯಾದ ಮಿತಿ ಹಾಕಿದವು. ಮಸಿಯನ್ನು ಹಿಡಿಯುವ ಶೋಧಕ ಕಟ್ಟಿಕೊಂಡಾಗ ಅದನ್ನು ಸುಟ್ಟು ತೆರವು ಮಾಡಲು ಒಂದಿಷ್ಟು ಡೀಸೆಲ್ ವ್ಯಯವಾಗುತ್ತದೆ. ನಮ್ಮ ಶ್ವಾಸಕೋಶಕ್ಕಾಗಿ ತೆರುವ ಈ ಬೆಲೆ ದುಬಾರಿಯೇನಲ್ಲ.

ಎಂಜಿನ್ನಿನಾಚೆಗಿನ ಉಳಿತಾಯ

ಈಗ ನಮ್ಮ ಪಿಕಪ್ ಹೊರೆ ಇಳಿಸಿ ಖಾಲಿ ಮರಳುತ್ತಿದೆ ಎಂದುಕೊಳ್ಳಿ. ಉರುಳು ಘರ್ಷಣೆ 167 ನ್ಯೂಟನ್ನಿಗೆ ಇಳಿಯುತ್ತದೆ. ಗಾಳಿಯ ತಡೆ ಮಾತ್ರ ಅದೇ 229. ಒಟ್ಟು 396. ತೂಕ ಶೇಕಡ 43ರಷ್ಟು ಇಳಿದರೂ ತಡೆಯುವ ಬಲ ಇಳಿದದ್ದು ಶೇಕಡ 24 ಮಾತ್ರ. ಹೋಗಿ ಬರುವ ಒಟ್ಟು ಕೆಲಸದಲ್ಲಿ ಶೇಕಡ 43 ಖಾಲಿ ಡಬ್ಬವನ್ನು ಮನೆಗೆ ತರಲು ಖರ್ಚಾಯಿತು! ಮರಳುವಾಗಲೂ ಒಂದು ಹೊರೆ ದೊರೆತರೆ ಆಗುವ ಉಳಿತಾಯಕ್ಕೆ ಯಾವ ಹೊಸ ಎಂಜಿನ್ನೂ ಸುಲಭವಾಗಿ ಸಾಟಿಯಾಗದು. ರೇಷ್ಮೆಗೂಡಿನಂಥ ಹಗುರ ಸರಕಿನಲ್ಲಿ ಗಾಳಿಯ ತಡೆಯದೇ ಮೇಲುಗೈ. ವೇಗ 60ರಿಂದ 80ಕ್ಕೆ ಏರಿದರೆ ಆ ತಡೆ 229ರಿಂದ 407 ನ್ಯೂಟನ್ನಿಗೆ ಜಿಗಿಯುತ್ತದೆ.

ಇಳಿಜಾರಿನಲ್ಲಿ ಗೇರ್ ತಪ್ಪಿಸಿ ನ್ಯೂಟ್ರಲಿನಲ್ಲಿ ಬಿಟ್ಟರೆ ಡೀಸೆಲ್ ಉಳಿಯುತ್ತದೆಂಬ ನಂಬಿಕೆ ಇನ್ನೂ ಇದೆ. ಈಗಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಆಗುವುದು ಇದಕ್ಕೆ ವಿರುದ್ಧ. ಗೇರಿನಲ್ಲಿಯೇ ಇಟ್ಟು ಕಾಲು ತೆಗೆದರೆ ಇಂಧನದ ಸಿಂಪಡಿಕೆ ನಿಂತುಹೋಗುತ್ತದೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲಿನಲ್ಲಿ ಎಂಜಿನ್ ಆರದಿರಲು ಡೀಸೆಲ್ ಬೇಕು. ಮೇಲಾಗಿ ಎಂಜಿನ್ನಿನ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಅದು ಪ್ರಾಣಕ್ಕೇ ಅಪಾಯ.

ಲೀಟರಿಗೆ 15 ಕಿಮೀ ಕೊಡುವ ವಾಹನ 18 ಕೊಟ್ಟರೆ ದಿನಕ್ಕೆ 100 ಕಿಮೀಗೆ 1.1 ಲೀಟರ್ ಉಳಿಯುತ್ತದೆ. ವರ್ಷಕ್ಕೆ 300 ದಿನ ಓಡಿದರೆ ಸುಮಾರು 333 ಲೀಟರ್. ಇದನ್ನು ನಿಮ್ಮೂರಿನ ಡೀಸೆಲ್ ದರದಿಂದ ಗುಣಿಸಿ, ಮಾಲೀಕನ ಉಳಿತಾಯ ಸಿಗುತ್ತದೆ. ಪ್ರತಿ ಲೀಟರಿಗೆ ಹೊಮ್ಮುವ ಸುಮಾರು 2.6 ಕಿಗ್ರಾಂ ಕಾರ್ಬನ್ ಡೈಆಕ್ಸೈಡಿನಿಂದ ಗುಣಿಸಿ, ಗಾಳಿಗೆ ಸೇರದೆ ಉಳಿದದ್ದು ಗೊತ್ತಾಗುತ್ತದೆ.

ಶಿಕ್ಷಕರು ಇದನ್ನು ತರಗತಿಯ ಪ್ರಯೋಗವಾಗಿಸಬಹುದು. ಊರಿನ ಪಿಕಪ್ ಚಾಲಕರೊಬ್ಬರ ಒಪ್ಪಿಗೆ ಪಡೆದು ಒಂದು ತಿಂಗಳು ದಾಖಲೆ ಇಡಿ. ಟ್ಯಾಂಕ್ ತುಂಬಿಸಿದಾಗಲೆಲ್ಲ ಹಿಡಿದ ಲೀಟರ್, ಓಡಿದ ಕಿಮೀ, ಹೊತ್ತ ಹೊರೆ, ಖಾಲಿ ಬಂದ ದೂರ ಬರೆದುಕೊಳ್ಳಿ. ಲೀಟರಿಗೆ ಎಷ್ಟು ಕಿಮೀ ಎಂಬುದರ ಬದಲು ಒಂದು ಟನ್ ಸರಕನ್ನು ಒಂದು ಕಿಮೀ ಒಯ್ಯಲು ಎಷ್ಟು ಮಿಲಿಲೀಟರ್ ಬೇಕಾಯಿತು ಎಂದು ಲೆಕ್ಕ ಹಾಕಿ. ಹೊಸ ವಾಹನದ ಜಾಹೀರಾತು ನೋಡಿದಾಗ 'ಮೈಲೇಜ್ ಎಷ್ಟು?' ಎಂಬುದರ ಜೊತೆಗೆ 'ಎಷ್ಟು ಹೊರೆಗೆ, ಯಾವ ವೇಗದಲ್ಲಿ?' ಎಂದು ಕೇಳಲು ನಿಮ್ಮ ವಿದ್ಯಾರ್ಥಿಗಳು ಕಲಿಯುತ್ತಾರೆ. ಆ ಲೆಕ್ಕದ ಪ್ರತಿಯೊಂದನ್ನು ಚಾಲಕರಿಗೂ ಕೊಡಿ. ಅದರ ಉಪಯೋಗ ಅವರಿಗೇ ಹೆಚ್ಚು.