ಹರೆಯದವರ ಆತ್ಮಹತ್ಯೆ : ಕಾರಣಗಳ ವಿವೇಚನೆ

'ಆತ್ಮಹತ್ಯೆ' ಎಂಬ ಸಮಾಸದಲ್ಲಿ ಉತ್ತರಪದವಾಗಿ ನಿಂತಿರುವುದು 'ಹತ್ಯೆ'. ಶಿಶುಹತ್ಯೆ, ಸ್ತ್ರೀಹತ್ಯೆ ಮೊದಲಾದ ಪದಗಳ ಸಾಲಿನಲ್ಲಿ ಇದೂ ಸೇರುವುದರಿಂದ, ಪದ ಕಿವಿಗೆ ಬಿದ್ದೊಡನೆ ಕೇಳುವವರಲ್ಲಿ ಮರುಕಕ್ಕಿಂತ ಮೊದಲು ದೋಷದ ಭಾವನೆ ಮೂಡುತ್ತದೆ. ಕಾನೂನೂ ಬಹುಕಾಲ ಹಾಗೆಯೇ ಭಾವಿಸಿತ್ತು. 1860ರ ಭಾರತೀಯ ದಂಡ ಸಂಹಿತೆಯ 309ನೆಯ ಕಲಮು ಪ್ರಾಣ ಕಳೆದುಕೊಳ್ಳಲು ಯತ್ನಿಸಿ ಬದುಕುಳಿದವರನ್ನು ಅಪರಾಧಿಗಳೆಂದೇ ಎಣಿಸಿತು. ಅಂಥವರು ತೀವ್ರ ಮಾನಸಿಕ ಒತ್ತಡಕ್ಕೆ ಸಿಲುಕಿದವರೆಂದು ಭಾವಿಸಬೇಕು, ಅವರಿಗೆ ಸಲ್ಲಬೇಕಾದುದು ಆರೈಕೆಯೇ ಹೊರತು ಶಿಕ್ಷೆಯಲ್ಲ ಎಂದು ವಿಧಿಸಿದುದು 2017ರ ಮಾನಸಿಕ ಆರೋಗ್ಯ ಕಾಯಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮು ಉಳಿದಿಲ್ಲ. ಸರ್ಕಾರಿ ನೌಕರನ ಕರ್ತವ್ಯಕ್ಕೆ ತಡೆಯೊಡ್ಡುವ ಉದ್ದೇಶದ ಯತ್ನವಷ್ಟೇ ಈಗ ದಂಡನೀಯ. ಕಾನೂನು ಬದಲಾಯಿತು; ಜನಮನ ಬದಲಾಗುವುದು ಬಾಕಿಯಿದೆ. ಹರೆಯದವರ ವಿಷಯದಲ್ಲಂತೂ ಈ ಬದಲಾವಣೆ ತಡವಾಗಕೂಡದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 7,27,000 ಜನರು ಹೀಗೆ ಮೃತರಾದರು. ಆ ವರ್ಷ 15ರಿಂದ 29 ವಯಸ್ಸಿನವರ ಮರಣಕ್ಕೆ ಇದು ಮೂರನೆಯ ಪ್ರಮುಖ ಕಾರಣವಾಗಿತ್ತು. ಭಾರತದ ರಾಷ್ಟ್ರೀಯ ಅಪರಾಧ ದಾಖಲಾತಿ ಬ್ಯೂರೋ 2022ರಲ್ಲಿ ದಾಖಲಿಸಿದ 1,70,924 ಆತ್ಮಹತ್ಯೆಗಳಲ್ಲಿ 13,044 ಮಂದಿ ವಿದ್ಯಾರ್ಥಿಗಳು.

ಫಲಿತಾಂಶದ ಮರುದಿನ 'ಪರೀಕ್ಷೆಯಲ್ಲಿ ಅನುತ್ತೀರ್ಣ: ವಿದ್ಯಾರ್ಥಿ ಆತ್ಮಹತ್ಯೆ' ಎಂಬ ಸುದ್ದಿ ಬರುವುದುಂಟು. ಒಂದು ಸಾಲಿನಲ್ಲಿ ಕಾರ್ಯಕಾರಣ ಸಂಬಂಧ ಮುಗಿದುಹೋದಂತೆ ತೋರುತ್ತದೆ. ಆದರೆ ಅದೇ ಪರೀಕ್ಷೆಯಲ್ಲಿ ಅನುತ್ತೀರ್ಣರಾದ ಸಾವಿರಾರು ಮಕ್ಕಳು ಅತ್ತು, ಸುಧಾರಿಸಿಕೊಂಡು, ಮತ್ತೆ ಪುಸ್ತಕ ಹಿಡಿಯುತ್ತಾರೆ. ಬಂಡಿಯ ಅಚ್ಚು ಮುರಿದಾಗ ಕಣ್ಣಿಗೆ ಬೀಳುವುದು ಕೊನೆಗೆ ಹೇರಿದ ಮೂಟೆ. ಅದಕ್ಕೂ ಮೊದಲು ಹೇರಿದ್ದು ಎಷ್ಟು, ಅಚ್ಚು ಎಲ್ಲಿ ಬಿರುಕು ಬಿಟ್ಟಿತ್ತು ಎಂಬುದನ್ನು ನೋಡುವವರು ವಿರಳ. ಹರೆಯದವರ ಆತ್ಮಹತ್ಯೆಗೆ ಏಕೈಕ ಕಾರಣವಿರುವುದು ಅಪೂರ್ವ; ಹಲವು ಭಾರಗಳು ಒಂದೇ ಜೀವದ ಮೇಲೆ ಕೂಡಿಬರುವುದೇ ಅಪಾಯದ ಮೂಲ.

ಈ ಭಾರಗಳಲ್ಲಿ ಕೆಲವು ದೀರ್ಘಕಾಲದವು. ಹಿಂದೊಮ್ಮೆ ಇಂಥ ಯತ್ನ ನಡೆದಿದ್ದರೆ ಅದನ್ನು ಎಲ್ಲಕ್ಕಿಂತ ಪ್ರಬಲವಾದ ಸೂಚನೆಯೆಂದು ತಿಳಿಯಬೇಕು. 'ಬೆದರಿಸಲು ಮಾಡಿದ ನಾಟಕ' ಎಂದು ಕಡೆಗಣಿಸುವುದು ದೊಡ್ಡ ಪ್ರಮಾದ. ಚಿಕಿತ್ಸೆಯಿಲ್ಲದ ಖಿನ್ನತೆ, ಮದ್ಯ ಅಥವಾ ಮಾದಕ ವಸ್ತುಗಳ ಅಭ್ಯಾಸ, ಮನೆಯಲ್ಲಿ ಹೊಡೆತ ಬಡಿತ, ಲೈಂಗಿಕ ದೌರ್ಜನ್ಯ, ಕುಟುಂಬದಲ್ಲಿ ಹಿಂದೆ ನಡೆದ ಆತ್ಮಹತ್ಯೆ ಇವೂ ಅದೇ ಬಗೆಯವು. ಇನ್ನು ಕೆಲವು ತತ್ಕಾಲದವು: ಎಲ್ಲರೆದುರು ಆದ ಅವಮಾನ, ಜಾತಿಯನ್ನೋ ಬಡತನವನ್ನೋ ಎತ್ತಿ ಆಡಿದ ಮಾತು, ಪ್ರೇಮಭಂಗ, ಬಲವಂತದ ಮದುವೆಯ ಮಾತುಕತೆ, ಆಪ್ತರ ಮರಣ. ಸಹಪಾಠಿಯೊಬ್ಬನ ಆತ್ಮಹತ್ಯೆಯೂ, ಅದನ್ನು ಬಣ್ಣಿಸಿ ವರ್ಣಿಸುವ ವರದಿಗಳೂ ಮೊದಲೇ ನೊಂದಿರುವ ಇತರರನ್ನು ಅದೇ ದಾರಿಗೆ ಎಳೆಯಬಲ್ಲವು.

ಇವೆಲ್ಲಕ್ಕೂ ಆ ವಯಸ್ಸಿನ ಗುಣ ಸೇರಿಕೊಳ್ಳುತ್ತದೆ. ಭಾವೋದ್ವೇಗವನ್ನು ತಡೆದು ಮುಂದಾಲೋಚಿಸುವ ಮಿದುಳಿನ ಮುಂಭಾಗ ಪೂರ್ಣವಾಗಿ ಬಲಿಯುವುದು ಇಪ್ಪತ್ತರ ಹರೆಯ ಅರ್ಧ ಕಳೆಯುವ ವೇಳೆಗೆ. ಆದುದರಿಂದ ಹಿರಿಯರಿಗೆ ಒಂದು ವರ್ಷದ ನಷ್ಟವಾಗಿ ಕಾಣುವುದು ಹದಿನಾರರ ಮಗುವಿಗೆ ಬದುಕಿನ ಅಂತ್ಯವಾಗಿ ಕಾಣುತ್ತದೆ. ಅನೇಕರಲ್ಲಿ ಈ ಆವೇಗ ಕೆಲವು ಗಳಿಗೆಗಳದು. ಆ ಗಳಿಗೆಯಲ್ಲಿ ಅಪಾಯದ ವಸ್ತು ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕೆಯಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿದ ಬಳಿಕ, 1995ರಿಂದ 2015ರ ಅವಧಿಯಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇಕಡಾ 70ರಷ್ಟು ಇಳಿಯಿತು. ಹೊಲದ ಔಷಧಿಯನ್ನು ಮನೆಯ ಮೂಲೆಯಲ್ಲಿಡುವ ಒಕ್ಕಲು ಕುಟುಂಬಗಳು ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು ಚಿಕ್ಕ ಕೆಲಸವೇನಲ್ಲ.

ಅಪಾಯ ಮುನ್ಸೂಚನೆಯಿಲ್ಲದೆ ಬರುವುದು ಕಡಿಮೆ. ನಿದ್ರೆ ಆಹಾರಗಳಲ್ಲಿ ಏರುಪೇರು, ಗೆಳೆಯರಿಂದ ದೂರವಾಗುವುದು, ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು, 'ನಾನಿಲ್ಲದಿದ್ದರೆ ನಿಮಗೆ ನೆಮ್ಮದಿ' ಎಂಬಂಥ ಮಾತು, ಇವನ್ನು ಕೇಳಿಸಿಕೊಳ್ಳುವ ಕಿವಿ ಇರಬೇಕು. 'ಸಾಯಬೇಕೆನ್ನಿಸುತ್ತಿದೆಯೇ, ಮಗು?' ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುವುದೆಂದು ಹಲವರ ಅಂಜಿಕೆ. ಈ ಅಂಜಿಕೆಗೆ ಆಧಾರವಿಲ್ಲ. ಕೇಳುವುದರಿಂದ ಭಾರ ಇಳಿಯುತ್ತದೆಯೇ ವಿನಾ ಏರುವುದಿಲ್ಲ. ಉತ್ತರ ಹೌದೆಂದಾದರೆ ಉಪದೇಶ, ಗದರಿಕೆ, ಹೋಲಿಕೆಗಳನ್ನು ಬದಿಗಿಟ್ಟು, ಮಗುವನ್ನು ಒಂಟಿಯಾಗಿ ಬಿಡದೆ, ವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ 'ಟೆಲಿ ಮನಸ್' ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಕರ್ನಾಟಕದಲ್ಲಿ 2024ರಲ್ಲಿ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ದೊರೆಯಿತು. ಒಂದು ಬಾಗಿಲು ಮುಚ್ಚಿದರೆ ಎಲ್ಲವೂ ಮುಚ್ಚಿತೆಂಬ ಭ್ರಮೆಯನ್ನು ಕಳೆಯಲು ಇಂಥ ಅವಕಾಶ ನೆರವಾಗಬಲ್ಲದು. ಆದರೆ ಬಾಗಿಲು ತೆರೆದಿದೆಯೆಂದು ಮಗುವಿಗೆ ತಿಳಿಸುವ ಬಾಯಿ ಬೇಕು. ಆ ಬಾಯಿ ತಾಯಿಯದಾಗಬಹುದು, ಗುರುವಿನದಾಗಬಹುದು, ಊರು ಬಿಟ್ಟು ಬಂದ ಮಕ್ಕಳು ಉಂಡು ಓದುವ ಪ್ರಸಾದ ನಿಲಯದ ಮೇಲ್ವಿಚಾರಕರದಾಗಬಹುದು. ರಾತ್ರಿ ಹಾಜರಿ ತೆಗೆಯುವಾಗ ಹೆಸರಿಗೆ ಓಗೊಟ್ಟ ದನಿ ಎಂದಿನಂತಿದೆಯೇ ಎಂದು ಗಮನಿಸುವಷ್ಟು ವ್ಯವಧಾನ ಅವರಲ್ಲಿದ್ದರೆ, ಮುರಿಯಲಿರುವ ಅಚ್ಚಿನ ಮೇಲಿಂದ ಒಂದು ಮೂಟೆಯನ್ನಾದರೂ ಇಳಿಸಿದಂತಾಗುತ್ತದೆ. ಎಷ್ಟೋ ಸಲ ಜೀವ ಉಳಿಯಲು ಅಷ್ಟೇ ಸಾಕಾಗುತ್ತದೆ.